ಇಚ್ಛಾಸ್ವಾತಂತ್ರ್ಯ, ಕೃಪೆ, ರಕ್ಷಣೆ: ಸಭೆಗಳ ಭಿನ್ನ ನಿಲುವುಗಳ ಬಗ್ಗೆ ಅಧ್ಯಯನ ನಡೆಸುವುದು ಹೇಗೆ

ರಕ್ಷಣೆಯಲ್ಲಿ ಮನುಷ್ಯನ ಇಚ್ಛೆಗೆ ಜಾಗ ಎಷ್ಟು ಎಂಬ ವಿಷಯವನ್ನು ಬೈಬಲ್ ಅಧ್ಯಯನದ ಗುಂಪಿನಲ್ಲಿ ಎತ್ತಿ ನೋಡಿ, ಹತ್ತು ನಿಮಿಷದೊಳಗೆ ಎರಡು ಪಕ್ಷ ಆಗಿರುತ್ತದೆ. ಒಬ್ಬರು ದೇವರ ಆಯ್ಕೆಯ ಮಾತಿರುವ ರೋಮಾ 9 ತೆಗೆಯುತ್ತಾರೆ, ಇನ್ನೊಬ್ಬರು ನಂಬುವ ಪ್ರತಿಯೊಬ್ಬನ ಮಾತಿರುವ ಯೋಹಾನ 3:16 ತೆಗೆಯುತ್ತಾರೆ, ಇಬ್ಬರೂ ತಮ್ಮ ವಾಕ್ಯವನ್ನು ಮತ್ತೆ ಮತ್ತೆ ಓದುತ್ತಾರೆ. ಹೀಗಾಗುವುದಕ್ಕೆ ಮುಖ್ಯ ಕಾರಣ ಕೇಳಿಕೊಂಡ ಪ್ರಶ್ನೆಯೇ. "ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯ ಇದೆಯೋ ಇಲ್ಲವೋ?" ಎಂದು ಕೇಳಿದರೆ ದೊಡ್ಡ ಸಭೆಗಳೆಲ್ಲ ಒಂದಲ್ಲ ಒಂದು ಅರ್ಥದಲ್ಲಿ "ಇದೆ" ಎನ್ನುತ್ತವೆ. "ಕೃಪೆ ಇಲ್ಲದೆ ರಕ್ಷಣೆ ಆಗುತ್ತದೆಯೇ?" ಎಂದರೆ ಎಲ್ಲವೂ "ಇಲ್ಲ" ಎನ್ನುತ್ತವೆ. ದಾರಿ ಕವಲೊಡೆಯುವುದು ಇದಾದ ಮೇಲೆ: ಬಂದ ಕೃಪೆಯನ್ನು ಮನುಷ್ಯ ತಳ್ಳಿಹಾಕಬಲ್ಲನೇ? ಒಂದೇ ಸುವಾರ್ತೆ ಕೇಳಿದ ಇಬ್ಬರಲ್ಲಿ ಒಬ್ಬ ನಂಬಿ ಇನ್ನೊಬ್ಬ ನಂಬದಿದ್ದರೆ ಆ ವ್ಯತ್ಯಾಸ ಹುಟ್ಟಿದ್ದು ಎಲ್ಲಿ? ಅಧ್ಯಯನವನ್ನು ಈ ಕವಲಿನ ಸುತ್ತ ಕಟ್ಟಿದರೆ ಉಳಿದದ್ದು ತಾನಾಗಿ ಜೋಡಣೆಯಾಗುತ್ತದೆ.

ತಯಾರಿ

ಆರರಿಂದ ಹತ್ತು ಜನ, ತಲಾ 90 ನಿಮಿಷದ ಐದು ಕೂಟ ಸಾಕು. ಹದಿನೈದು ಜನರಾದರೆ ಮಾತನಾಡುವವರು ಮೂವರೇ ಆಗುತ್ತಾರೆ, ಉಳಿದವರು ಪ್ರೇಕ್ಷಕರು. ಪ್ರತಿಯೊಬ್ಬರ ಕೈಯಲ್ಲೂ ಬೈಬಲ್ ಇರಲಿ, ಗುಂಪಿನಲ್ಲಿ ಕನಿಷ್ಠ ಎರಡು ಬೇರೆ ಬೇರೆ ಅನುವಾದ ಇರಲಿ. ಜೊತೆಗೆ ಒಂದು ದೊಡ್ಡ ಹಾಳೆ ಅಥವಾ ಬೋರ್ಡು, ಆರು ಅಡ್ಡಸಾಲು, ಐದು ಉದ್ದಸಾಲು ಎಳೆಯಲು.

ಇಷ್ಟೇ ಮುಖ್ಯವಾದದ್ದು ಮೂಲ ದಾಖಲೆಗಳ ಪ್ರತಿ. ಒಂದು ಸಭೆ ಏನು ನಂಬುತ್ತದೆ ಎಂಬುದನ್ನು ಅದರ ಎದುರಾಳಿಯ ಬಾಯಿಂದ ತಿಳಿಯಲು ಹೋಗುವುದೇ ಈ ವಿಷಯದಲ್ಲಿ ಆಗುವ ಅರ್ಧ ಅನಾಹುತಕ್ಕೆ ಕಾರಣ. ಇವಿಷ್ಟನ್ನು ಮುದ್ರಿಸಿಕೊಳ್ಳಿ: 529ರಲ್ಲಿ ಒರಾಂಜ್ ಊರಿನಲ್ಲಿ ಸೇರಿದ ಬಿಷಪರ ಸಭೆಯ 25 ಸಣ್ಣ ವಿಧಿಗಳು, 1547ರಲ್ಲಿ ಟ್ರೆಂಟ್ ಮಹಾಸಭೆಯ ಆರನೇ ಅಧಿವೇಶನ ನೀತೀಕರಣದ (ದೇವರ ಮುಂದೆ ಮನುಷ್ಯ ನೀತಿವಂತನಾಗುವುದರ) ಬಗ್ಗೆ ಹೊರಡಿಸಿದ ತೀರ್ಪು (16 ಅಧ್ಯಾಯ, 33 ವಿಧಿ, ಮೊದಲ ಆರು ಅಧ್ಯಾಯ ಮತ್ತು ಮೊದಲ ಐದು ವಿಧಿ ಓದಿದರೆ ನಮ್ಮ ಕೆಲಸಕ್ಕೆ ಸಾಕು), ಲೂಥರನ್ನರ 1577ರ ಒಪ್ಪಂದಸೂತ್ರದ 2 ಮತ್ತು 11ನೇ ಲೇಖನ, ಡಚ್ ಬೋಧಕ ಆರ್ಮಿನಿಯಸ್‌ನ ಅನುಯಾಯಿಗಳ 1610ರ ಐದು ಲೇಖನ, ಅದಕ್ಕೆ ಉತ್ತರವಾಗಿ 1618-19ರಲ್ಲಿ ಡಾರ್ಟ್‌ನಲ್ಲಿ ಸೇರಿದ ಸಿನೊಡ್ (ರಿಫಾರ್ಮ್ಡ್ ಸಭೆಗಳ ಪ್ರತಿನಿಧಿಗಳ ಕೂಟ) ಬರೆದ ನಿಯಮಗಳು, ಪೂರ್ವದ ಆರ್ಥೊಡಾಕ್ಸ್ ಸಭೆಯವರು 1672ರಲ್ಲಿ ಜೆರುಸಲೇಮಿನಲ್ಲಿ ನಡೆಸಿದ ಸಿನೊಡಿನ ಮೂರನೇ ಮತ್ತು ಹದಿನಾಲ್ಕನೇ ತೀರ್ಪು. 1610ರ ಲೇಖನಗಳು ಎರಡು ಪುಟ ಮೀರುವುದಿಲ್ಲ. ಅಷ್ಟು ಚಿಕ್ಕದಾಗಿದ್ದರೂ ಅದನ್ನು ಓದದೆ ವಾದಿಸುವವರೇ ಹೆಚ್ಚು.

ಮೊದಲ ಕೂಟ: ಮಾತು ಸರಿಮಾಡಿಕೊಳ್ಳುವುದು

"ಸ್ವಾತಂತ್ರ್ಯ" ಎಂದಾಗ ಇಬ್ಬರು ಎರಡು ಬೇರೆ ಸಂಗತಿ ಹೇಳುತ್ತಿರುತ್ತಾರೆ. ಒಂದು: ಇದೇ ಕ್ಷಣದಲ್ಲಿ, ಇದೇ ಸ್ಥಿತಿಯಲ್ಲಿ, ಬೇರೆಯದನ್ನೂ ಆರಿಸಬಹುದಿತ್ತು ಎಂಬುದು. ಇನ್ನೊಂದು: ಯಾರ ಬಲವಂತವೂ ಇಲ್ಲದೆ ತನಗೆ ಬೇಕಾದದ್ದನ್ನೇ ಮಾಡಿದ ಎಂಬುದು, ಆ ಬೇಕು ಎನ್ನುವ ಮನಸ್ಸು ಎಲ್ಲಿಂದ ಬಂತು ಎಂಬ ಪ್ರಶ್ನೆ ಬೇರೆ. ಆರ್ಮಿನಿಯನ್ನರು, ವೆಸ್ಲಿಯ ಪರಂಪರೆಯವರು (ಮೆಥೊಡಿಸ್ಟರು), ಆರ್ಥೊಡಾಕ್ಸರು ಹೆಚ್ಚಾಗಿ ಮೊದಲನೆಯ ಅರ್ಥದಲ್ಲಿ ಮಾತನಾಡುತ್ತಾರೆ. ರಿಫಾರ್ಮ್ಡ್ ಸಭೆಯವರು, ಅಂದರೆ ಕ್ಯಾಲ್ವಿನ್ ಪರಂಪರೆಯವರು, ಎರಡನೆಯ ಅರ್ಥ ಸಾಕು ಎನ್ನುತ್ತಾರೆ.

ಇದನ್ನು ತೋರಿಸಲು ಆದಿಕಾಂಡ 50:20 ಒಳ್ಳೆಯ ವಾಕ್ಯ. ಯೋಸೇಫನ ಅಣ್ಣಂದಿರು ಅವನಿಗೆ ಕೇಡು ಕಲ್ಪಿಸಿದರು, ದೇವರು ಅದೇ ಸಂಗತಿಯಲ್ಲಿ ಮೇಲನ್ನು ಕಲ್ಪಿಸಿದ. ಅವರನ್ನು ಯಾರೂ ತಳ್ಳಲಿಲ್ಲ, ಹೊಟ್ಟೆಕಿಚ್ಚು ಅವರದೇ. ಆದರೂ ದೇವರ ಉದ್ದೇಶ ಅದರೊಳಗೆ ನಡೆಯಿತು. ರಿಫಾರ್ಮ್ಡ್ ಓದುಗ ಇಲ್ಲಿ ಎರಡು ಇಚ್ಛೆಗಳೂ ಪೂರ್ತಿಯಾಗಿ ಕೆಲಸ ಮಾಡಿದ್ದನ್ನು ಕಾಣುತ್ತಾನೆ. ಆರ್ಮಿನಿಯನ್ ಓದುಗ, ದೇವರು ಅವರ ಕೆಟ್ಟ ಆಯ್ಕೆಯನ್ನು ಒಳ್ಳೆಯದಕ್ಕೆ ತಿರುಗಿಸಿದ, ಆಯ್ಕೆಯನ್ನು ತಾನೇ ನಿರ್ಣಯಿಸಲಿಲ್ಲ ಎನ್ನುತ್ತಾನೆ. ಒಂದೇ ವಾಕ್ಯದಿಂದ ಎರಡು ಓದು ಹೇಗೆ ಹುಟ್ಟುತ್ತದೆ ಎಂಬುದು ಮೊದಲ ದಿನವೇ ಗುಂಪಿನ ಕಣ್ಣಿಗೆ ಬೀಳಲಿ. ತೀರ್ಮಾನ ಬೇಡ.

ಇದೇ ದಿನ ಇನ್ನೊಂದು ಗಂಟು ಬಿಡಿಸಬೇಕು. "ದೇವರಿಗೆ ಮೊದಲೇ ಗೊತ್ತಿದ್ದರೆ ನನಗೆಲ್ಲಿಯ ಸ್ವಾತಂತ್ರ್ಯ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮುಂದಾಗಿ ತಿಳಿದಿರುವುದು ಬೇರೆ, ಮುಂದಾಗಿ ನೇಮಿಸುವುದು ಬೇರೆ. ಸಭೆಗಳ ನಡುವಿನ ಜಗಳ ಬಹುಪಾಲು ಎರಡನೆಯದರ ಬಗ್ಗೆ. ಮೊದಲನೆಯದನ್ನು ಕ್ಯಾಲ್ವಿನ್ನನೂ ಆರ್ಮಿನಿಯಸ್ಸನೂ ಒಪ್ಪಿದ್ದರು. ದೇವರ ಮುನ್ನರಿವನ್ನೇ ಮರುವ್ಯಾಖ್ಯಾನಿಸುವ ಮುಕ್ತ ದೈವವಾದ ಇತ್ತೀಚಿನದು, ಅದನ್ನು ಈ ಐದು ಕೂಟಗಳ ಹೊರಗೆ ಇಡಿ.

ಎರಡನೇ ಕೂಟ: ಆರು ಪ್ರಶ್ನೆಯ ಹಾಳೆ

ಅಡ್ಡಸಾಲುಗಳಲ್ಲಿ ಈ ಪ್ರಶ್ನೆ ಬರೆಯಿರಿ. ಪಾಪದಿಂದ ಇಚ್ಛೆಗೆ ಆದ ಹಾನಿ ಎಷ್ಟು? ಮೊದಲ ಹೆಜ್ಜೆ ಯಾರದು? ಕೃಪೆಯನ್ನು ತಡೆಯಬಹುದೇ? ದೇವರು ಆರಿಸಿಕೊಂಡದ್ದು ಯಾವ ಆಧಾರದ ಮೇಲೆ? ಕ್ರಿಸ್ತನು ಸತ್ತದ್ದು ಯಾರಿಗಾಗಿ? ನಂಬಿದವನು ಬಿದ್ದುಹೋಗಬಹುದೇ? ಉದ್ದಸಾಲುಗಳಿಗೆ ಆರ್ಥೊಡಾಕ್ಸ್, ಕ್ಯಾಥೊಲಿಕ್, ಲೂಥರನ್, ರಿಫಾರ್ಮ್ಡ್, ಆರ್ಮಿನಿಯನ್-ವೆಸ್ಲಿಯನ್ ಎಂದು ಹೆಸರಿಡಿ. ಪ್ರತಿ ಚೌಕವನ್ನೂ ಆಯಾ ಸಭೆಯ ದಾಖಲೆ ನೋಡಿಯೇ ತುಂಬಿಸಬೇಕು, ನೆನಪಿನಿಂದ ಬರೆಯುವಂತಿಲ್ಲ.

ಮೊದಲೆರಡು ಸಾಲು ತುಂಬಿಸುವಾಗ ಗುಂಪಿಗೆ ಆಶ್ಚರ್ಯ ಕಾದಿರುತ್ತದೆ, ಏಕೆಂದರೆ ಅಲ್ಲಿ ಅಂದುಕೊಂಡಷ್ಟು ಭಿನ್ನಾಭಿಪ್ರಾಯ ಇಲ್ಲ. 1610ರ ಆರ್ಮಿನಿಯನ್ ಲೇಖನಗಳ ಮೂರನೆಯದು, ರಕ್ಷಿಸುವ ಕೃಪೆ ಮನುಷ್ಯನಿಗೆ ತನ್ನಿಂದಲೇ ಬರುವುದಿಲ್ಲ, ತನ್ನ ಇಚ್ಛಾಶಕ್ತಿಯಿಂದಲೂ ಬರುವುದಿಲ್ಲ ಎನ್ನುತ್ತದೆ. ಟ್ರೆಂಟ್‌ನ ಮೊದಲ ವಿಧಿ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವನನ್ನು ಶಾಪಕ್ಕೆ ಗುರಿಮಾಡುತ್ತದೆ. ಮನುಷ್ಯ ತನ್ನ ಸಹಜ ಶಕ್ತಿಯಿಂದಲೇ ದೇವರ ಆಜ್ಞೆ ಪಾಲಿಸಬಲ್ಲ ಎಂಬ ಧಾಟಿಯ ಪೆಲೇಗಿಯಸ್ ಬೋಧನೆಯನ್ನು 418ರಲ್ಲಿ ಕಾರ್ಥೇಜ್ ಸಭೆ ತಳ್ಳಿಹಾಕಿತು. 431ರ ಎಫೆಸ ಮಹಾಸಭೆ ಅವನ ಜೊತೆಗಾರ ಸೆಲೆಸ್ಟಿಯಸ್‌ನ ಪಕ್ಷವನ್ನು ಖಂಡಿಸಿತು. ನಂಬುವ ಬಯಕೆಯ ಆರಂಭ ಕೂಡ ಕೃಪೆಯ ಕೊಡುಗೆಯೇ ಎಂದು ಒರಾಂಜ್ ಸಭೆ ಸೇರಿಸಿತು. ಅದೇ ಸಭೆ, ದೇವರು ಯಾರನ್ನಾದರೂ ಕೇಡಿಗೆ ನೇಮಿಸಿದ್ದಾನೆ ಎನ್ನುವವರನ್ನೂ ಖಂಡಿಸಿತು. ಒರಾಂಜನ್ನು ತಮ್ಮ ಕಡೆಗೆ ಎಳೆದುಕೊಳ್ಳುವವರು ಒಂದರ್ಧ ಓದಿ ಇನ್ನರ್ಧ ಬಿಡುವುದು ಇಲ್ಲಿಯೇ.

ಆರ್ಥೊಡಾಕ್ಸ್ ಚೌಕ ತುಂಬಿಸುವಾಗ ಎಚ್ಚರ. ಅಗಸ್ಟೀನ್ (354-430) ಲ್ಯಾಟಿನ್ ಪಶ್ಚಿಮವನ್ನು ರೂಪಿಸಿದಂತೆ ಗ್ರೀಕ್ ಪೂರ್ವವನ್ನು ರೂಪಿಸಲಿಲ್ಲ. ಆದಾಮನಿಂದ ಬಂದದ್ದು ಮರಣ ಮತ್ತು ಕೆಡುಕಿನ ಸ್ಥಿತಿ, ಅವನ ಅಪರಾಧ ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂಬ ಧಾಟಿ ಅವರದು. ಇಚ್ಛೆ ಗಾಯಗೊಂಡಿದೆ, ಸತ್ತಿಲ್ಲ. ದೇವರ ಕೃಪೆಯೂ ಮನುಷ್ಯನ ಒಪ್ಪಿಗೆಯೂ ಕೂಡಿ ನಡೆಯುವುದನ್ನು ಅವರು ಸಹಕ್ರಿಯೆ ಎನ್ನುತ್ತಾರೆ. ಪಶ್ಚಿಮದ ಪ್ರಶ್ನಾವಳಿಗೆ ಅವರನ್ನು ಕೂರಿಸಿ ಉತ್ತರ ಹಿಂಡಿದರೆ ಅವರು ಅರೆ-ಪೆಲೇಗಿಯನ್ನರಂತೆ (ಮೊದಲ ಹೆಜ್ಜೆ ಮನುಷ್ಯನದೇ ಎನ್ನುವವರಂತೆ) ಕಾಣುತ್ತಾರೆ. ಅವರ ಪ್ರಶ್ನೆಯೇ ಬೇರೆ, ದೇವರ ಜೀವದಲ್ಲಿ ಮನುಷ್ಯ ಪಾಲುಗೊಳ್ಳುವುದು ಹೇಗೆ ಎಂಬುದು. ಆ ಚೌಕದಲ್ಲಿ ಇದನ್ನೂ ಒಂದು ಸಾಲು ಬರೆದಿಡಿ.

ಮೂರನೇ ಸಾಲು ಬಂದಾಗ ನಿಧಾನಿಸಿ. ಕೃಪೆಯನ್ನು ತಡೆಯಬಹುದೇ? ಟ್ರೆಂಟ್‌ನ ನಾಲ್ಕನೇ ವಿಧಿಯ ಪ್ರಕಾರ ದೇವರಿಂದ ಎಚ್ಚರಗೊಂಡ ಇಚ್ಛೆ ಒಪ್ಪಿ ಸಹಕರಿಸುತ್ತದೆ, ಬೇಡವೆಂದರೆ ಒಪ್ಪದಿರಲೂಬಹುದು. ಆರ್ಮಿನಿಯನ್ನರೂ ಹೌದು ಎನ್ನುತ್ತಾರೆ. ಅವರ ಆಧಾರ ಅಪೊಸ್ತಲರ ಕೃತ್ಯಗಳು 7:51, ಅಲ್ಲಿ ಸ್ತೆಫನನು ಕೇಳುಗರಿಗೆ ನೀವು ಯಾವಾಗಲೂ ಪವಿತ್ರಾತ್ಮನನ್ನು ಎದುರಿಸುವವರು ಎನ್ನುತ್ತಾನೆ. ವೆಸ್ಲಿ ಇದಕ್ಕೆ ಮುಂಗೃಪೆಯ ಬೋಧನೆ ಒದಗಿಸಿದ: ಬಿದ್ದ ಮನುಷ್ಯ ತಾನಾಗಿ ತಿರುಗಲಾರ, ಆದರೆ ದೇವರು ಎಲ್ಲರಿಗೂ ಮುಂಚೆಯೇ ಒಂದಿಷ್ಟು ಕೃಪೆ ಕೊಟ್ಟು ಉತ್ತರ ಕೊಡಬಲ್ಲ ಶಕ್ತಿ ಮರಳಿಸಿದ್ದಾನೆ. ಆರಿಸಲ್ಪಟ್ಟವರಲ್ಲಿ ದೇವರು ಹೊಸ ಹೃದಯವನ್ನೇ ಹುಟ್ಟಿಸುವುದರಿಂದ ಅವರು ಮನಸಾರೆ ಬರುತ್ತಾರೆ ಎಂಬುದು ರಿಫಾರ್ಮ್ಡ್ ಉತ್ತರ. ಡಾರ್ಟ್ ನಿಯಮಗಳಲ್ಲಿ ಮೂರು-ನಾಲ್ಕನೇ ಭಾಗದ 16ನೇ ಲೇಖನವನ್ನು ಗಟ್ಟಿಯಾಗಿ ಓದಿಸಿ: ಈ ಕೃಪೆ ಮನುಷ್ಯರನ್ನು ಮರದ ಕೊರಡು, ಕಲ್ಲುಗಳಂತೆ ನಡೆಸಿಕೊಳ್ಳುವುದಿಲ್ಲ, ಇಚ್ಛೆಯನ್ನು ಕಿತ್ತುಹಾಕುವುದಿಲ್ಲ. ರಿಫಾರ್ಮ್ಡ್ ಬೋಧನೆ ಎಂದರೆ ಹಣೆಬರಹವಾದ ಎಂದುಕೊಂಡು ಬಂದವರ ಹಾಳೆಯಲ್ಲಿ ಇಲ್ಲಿಗೆ ಒಂದು ತಿದ್ದುಪಡಿ ಆಗಬೇಕು.

ಲೂಥರನ್ ಉದ್ದಸಾಲನ್ನು ಬಹಳ ಜನ ರಿಫಾರ್ಮ್ಡ್ ಸಾಲಿನ ನಕಲು ಮಾಡಿಬಿಡುತ್ತಾರೆ. 1525ರಲ್ಲಿ ಲೂಥರ್, ಇಚ್ಛಾಸ್ವಾತಂತ್ರ್ಯದ ಪರ ಬರೆದ ವಿದ್ವಾಂಸ ಎರಾಸ್ಮಸ್‌ಗೆ ಬರೆದ ಉತ್ತರದ ಕಟುತನ ನೋಡಿದರೆ ಹಾಗೆ ಅನ್ನಿಸುವುದು ಸಹಜವೇ. ಆದರೆ 1577ರ ಸೂತ್ರ ಬೇರೆ ದಾರಿ ಹಿಡಿಯುತ್ತದೆ. ಮಾನಸಾಂತರದಲ್ಲಿ ಮನುಷ್ಯನ ಇಚ್ಛೆಯ ಪಾಲು ಏನೂ ಇಲ್ಲ. ರಕ್ಷಣೆ ಹೊಂದಿದವನ ಆಯ್ಕೆ ಪೂರ್ತಿ ದೇವರದು. ನಾಶವಾಗುವವನ ನಾಶ ಪೂರ್ತಿ ಅವನದೇ. ಕ್ರಿಸ್ತನು ಎಲ್ಲರಿಗಾಗಿ ಸತ್ತನು. ಕೃಪೆಯನ್ನು ತಳ್ಳಬಹುದು, ನಂಬಿಕೆಯಿಂದ ಬೀಳಲೂಬಹುದು. ಹಾಗಾದರೆ ಕೆಲವರು ಏಕೆ, ಉಳಿದವರು ಏಕಲ್ಲ? ಆ ಪ್ರಶ್ನೆಗೆ ದೇವರು ಉತ್ತರ ಪ್ರಕಟಿಸಿಲ್ಲ, ನಾವು ಕಟ್ಟಿಕೊಡಬಾರದು ಎಂದು ಅಲ್ಲಿಗೇ ನಿಲ್ಲುತ್ತಾರೆ. ತರ್ಕ ಪೂರ್ತಿಯಾಗಲಿಲ್ಲ ಎಂದು ಯಾರಾದರೂ ಆ ಚೌಕಕ್ಕೆ ತಾವೇ ಉತ್ತರ ತುಂಬಲು ಹೊರಟರೆ ತಡೆಯಿರಿ. ಖಾಲಿ ಬಿಟ್ಟಿರುವುದೇ ಅವರ ನಿಲುವು.

ಕ್ಯಾಥೊಲಿಕ್ ಸಾಲಿನಲ್ಲಿ ಎರಡು ಉಪಸಾಲು ಬೇಕು, ಅಲ್ಲಿನ ಎರಡು ಸಂನ್ಯಾಸಿ ಪಂಥಗಳ ನಿಲುವಿಗಾಗಿ. ಡೊಮಿನಿಕನ್ ಬಾನ್ಯೆಜ್‌ನ ಪಕ್ಷ, ದೇವರ ಫಲಕಾರಿ ಕೃಪೆ ತನ್ನ ಬಲದಿಂದಲೇ ಇಚ್ಛೆಯನ್ನು ಸ್ವತಂತ್ರವಾಗಿ ಚಲಿಸುವಂತೆ ಮಾಡುತ್ತದೆ ಎಂದಿತು. ಜೆಸ್ವಿಟ್ ಮೊಲಿನಾ 1588ರಲ್ಲಿ, ಯಾವ ಸ್ಥಿತಿಯಲ್ಲಿ ಯಾರು ಸ್ವತಂತ್ರವಾಗಿ ಏನು ಆರಿಸುತ್ತಾರೆ ಎಂಬುದನ್ನು ದೇವರು ಬಲ್ಲ, ಅದಕ್ಕೆ ತಕ್ಕಂತೆ ಲೋಕವನ್ನು ನಡೆಸುತ್ತಾನೆ ಎಂದ (1 ಸಮುವೇಲ 23:11-13 ಓದಿ, ದಾವೀದ ಕೆಯೀಲದಲ್ಲೇ ಉಳಿದರೆ ಏನಾಗುತ್ತಿತ್ತು ಎಂಬುದನ್ನು ದೇವರು ಹೇಳುತ್ತಾನೆ, ಅದು ನಡೆಯುವುದೇ ಇಲ್ಲ). ರೋಮ್‌ನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆದು 1607ರಲ್ಲಿ ಪೋಪ್ ಐದನೇ ಪೌಲ್ ಯಾವ ಪಕ್ಷವನ್ನೂ ಖಂಡಿಸದೆ, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಬೇಡಿ ಎಂದು ಕೈತೊಳೆದುಕೊಂಡರು. ಎರಡೂ ಇಂದಿಗೂ ಆ ಸಭೆಯೊಳಗೆ ಸಲ್ಲುವ ನಿಲುವುಗಳೇ.

ಐದನೇ ಸಾಲಿಗೆ ಹೆಚ್ಚು ಹೊತ್ತು ಬೇಡ, ಒಂದು ತಪ್ಪು ಮಾತ್ರ ತಪ್ಪಿಸಿ. ಡಾರ್ಟ್‌ನ ಎರಡನೇ ಭಾಗ ಕ್ರಿಸ್ತನ ಮರಣದ ಬೆಲೆ ಇಡೀ ಲೋಕದ ಪಾಪಕ್ಕೆ ಸಾಲುತ್ತದೆ, ಸುವಾರ್ತೆಯನ್ನು ಭೇದವಿಲ್ಲದೆ ಎಲ್ಲರಿಗೂ ಸಾರಬೇಕು ಎಂದೇ ಹೇಳುತ್ತದೆ. ಅವರು ಸೀಮಿತಗೊಳಿಸುವುದು ಆ ಮರಣದ ಉದ್ದೇಶವನ್ನು, ಬೆಲೆಯನ್ನಲ್ಲ. ರಿಫಾರ್ಮ್ಡ್ ಬೋಧನೆಯ ಐದು ಅಂಶಗಳ ಇಂಗ್ಲಿಷ್ ಮೊದಲಕ್ಷರ ಜೋಡಿಸಿದ ಟ್ಯೂಲಿಪ್ ಸೂತ್ರ 20ನೇ ಶತಮಾನದ್ದು. ಅದನ್ನು ಹಾಳೆಗೆ ಅಂಟಿಸಿದರೆ ಇಂಥ ಸೂಕ್ಷ್ಮಗಳೆಲ್ಲ ಸೋರಿಹೋಗುತ್ತವೆ.

ಆರನೇ ಸಾಲಿನಲ್ಲಿ ಒಂದು ಸ್ವಾರಸ್ಯ ಇದೆ. 1610ರ ಐದನೇ ಲೇಖನ, ನಿಜವಾದ ವಿಶ್ವಾಸಿ ಬಿದ್ದುಹೋಗಬಲ್ಲನೇ ಎಂಬುದನ್ನು ತೀರ್ಮಾನಿಸದೆ ಇನ್ನಷ್ಟು ಶಾಸ್ತ್ರ ಪರಿಶೀಲನೆ ಬೇಕು ಎಂದಿತ್ತು. ಬೀಳಬಹುದು ಎಂಬ ಖಚಿತ ನಿಲುವು ಆಮೇಲೆ ಗಟ್ಟಿಯಾಯಿತು. ಇನ್ನು ಬ್ಯಾಪ್ಟಿಸ್ಟರಲ್ಲಿ ಅನೇಕರು ಕೃಪೆಯನ್ನು ತಡೆಯಬಹುದು ಎನ್ನುತ್ತಾರೆ, ಒಮ್ಮೆ ನಂಬಿದವನು ಬೀಳಲಾರ ಎಂದೂ ಹೇಳುತ್ತಾರೆ. ಅವರಿಗೆ ಹಾಳೆಯಲ್ಲಿ ಆರನೇ ಉದ್ದಸಾಲು ಎಳೆಯಿರಿ, ಯಾವುದೋ ಒಂದು ಸಾಲಿಗೆ ತುರುಕಬೇಡಿ.

ಮೂರನೇ ಕೂಟ: ಫರೋಹನ ಹೃದಯ

ಇಡೀ ಅಧ್ಯಯನದಲ್ಲಿ ಅತಿ ಹೆಚ್ಚು ಫಲ ಕೊಡುವ ಅಭ್ಯಾಸ ಇದೇ, ಹಾಗಾಗಿ ಒಂದು ಕೂಟವನ್ನು ಪೂರ್ತಿ ಕೊಡಿ. ಪ್ರತಿಯೊಬ್ಬರೂ ಹಾಳೆಯನ್ನು ಮೂರು ಪಟ್ಟಿ ಮಾಡಿಕೊಳ್ಳಲಿ: "ಕರ್ತನು ಕಠಿಣ ಮಾಡಿದನು", "ಫರೋಹನೇ ಕಠಿಣ ಮಾಡಿಕೊಂಡನು", "ಕಠಿಣವಾಯಿತು" (ಮಾಡಿದವರ ಹೆಸರಿಲ್ಲ). ವಿಮೋಚನಕಾಂಡ 4ರಿಂದ 14ರವರೆಗೆ ಹುಡುಕಿ ವಾಕ್ಯದ ಸಂಖ್ಯೆ ಬರೆಯಲಿ. ಮುಕ್ಕಾಲು ಗಂಟೆ ಹಿಡಿಯುತ್ತದೆ.

ಸಿಗುವುದು ಹೀಗೆ. 4:21 ಮತ್ತು 7:3ರಲ್ಲಿ, ಇನ್ನೂ ಯಾವ ಉಪದ್ರವವೂ ಬಾರದಾಗಲೇ, ದೇವರು ತಾನು ಅವನ ಹೃದಯ ಕಠಿಣ ಮಾಡುವೆನು ಎನ್ನುತ್ತಾನೆ. 7:22ರಲ್ಲಿ ಕಠಿಣವಾಯಿತು. 8:15 ಮತ್ತು 8:32ರಲ್ಲಿ ಫರೋಹನೇ ಕಠಿಣ ಮಾಡಿಕೊಂಡ. 9:12ರಲ್ಲಿ, ಅಂದರೆ ಆರನೇ ಉಪದ್ರವದ ಹೊತ್ತಿಗೆ, ಕರ್ತನು ಕಠಿಣ ಮಾಡಿದನು ಎಂಬ ಮಾತು ನಡೆದ ಸಂಗತಿಯಾಗಿ ಮೊದಲ ಸಲ ಬರುತ್ತದೆ. 9:34ರಲ್ಲಿ ಮತ್ತೆ ಫರೋಹನೇ. 10:20, 10:27, 11:10ರಲ್ಲಿ ಕರ್ತನು.

ಈಗ ಪಟ್ಟಿಯನ್ನು ಎರಡು ಸಲ ಓದಿಸಿ. ಆರ್ಮಿನಿಯನ್ ಕಣ್ಣಿಗೆ ಮೊದಲ ಐದು ಉಪದ್ರವ ಮುಖ್ಯ: ಅವನು ತಾನಾಗಿ ಗಟ್ಟಿಯಾದ, ಆಮೇಲೆ ದೇವರು ಅವನನ್ನು ಅದಕ್ಕೇ ಒಪ್ಪಿಸಿಬಿಟ್ಟ. ರಿಫಾರ್ಮ್ಡ್ ಕಣ್ಣಿಗೆ 4:21 ಮುಖ್ಯ: ಕಥೆ ಶುರುವಾಗುವ ಮೊದಲೇ ಉದ್ದೇಶ ಪ್ರಕಟವಾಗಿದೆ, ಪೌಲನೂ ರೋಮಾ 9:17-18ರಲ್ಲಿ ಅಲ್ಲಿಂದಲೇ ವಾದಿಸುತ್ತಾನೆ. ಯಾವ ಓದಿಗೂ ಎಲ್ಲ ವಾಕ್ಯ ಸಲೀಸಾಗಿ ಒಗ್ಗುವುದಿಲ್ಲ. ಇಲ್ಲಿ ಆಗುವ ತಪ್ಪೆಂದರೆ ಮೂರನೇ ಪಟ್ಟಿಯನ್ನು ತಮ್ಮ ಇಷ್ಟದ ಪಟ್ಟಿಗೆ ಸೇರಿಸಿಕೊಳ್ಳುವುದು. ಹೆಸರಿಲ್ಲದ ಕಡೆ ಹೆಸರು ಹಾಕಬೇಡಿ.

ನಾಲ್ಕನೇ ಕೂಟ: ರೋಮಾ 9ರಿಂದ 11, ಒಂದೇ ಉಸಿರಿಗೆ

90 ವಾಕ್ಯ, ಗಟ್ಟಿಯಾಗಿ ಓದಲು ಕಾಲು ಗಂಟೆ. ನಿಲ್ಲಿಸದೆ ಓದಿಸಿ. 9:16 ಮತ್ತು ಕುಂಬಾರನ ಮಾತು (9:20-21) ಒಂದು ಕಡೆ, ಯೆಹೂದ್ಯರಾಗಲಿ ಗ್ರೀಕರಾಗಲಿ ಕರ್ತನ ಹೆಸರು ಹೇಳಿಕೊಳ್ಳುವ ಎಲ್ಲರಿಗೂ ರಕ್ಷಣೆ ಎಂಬ 10:12-13 ಇನ್ನೊಂದು ಕಡೆ, ಅಪನಂಬಿಕೆಯಿಂದ ಮುರಿದುಹಾಕಿದ ಕೊಂಬೆಗಳನ್ನು ಮತ್ತೆ ಕಸಿಮಾಡಬಹುದು ಎಂಬ 11:20-23 ಮತ್ತೊಂದು ಕಡೆ. ಗುಂಪು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಇಲ್ಲಿ ಯಾಕೋಬ, ಏಸಾವ ಎಂದಾಗ ಪೌಲನ ಕಣ್ಣು ವ್ಯಕ್ತಿಗಳ ಮೇಲಿದೆಯೋ ಜನಾಂಗಗಳ ಮೇಲೋ? ಕುಂಬಾರನ ಚಿತ್ರಕ್ಕೆ ಯೆರೆಮೀಯ 18:1-10 ಸೇರಿಸಿ ಓದಿ. ಅಲ್ಲಿ ಜನಾಂಗ ತಿರುಗಿಕೊಂಡರೆ ಕುಂಬಾರನೂ ಮನಸ್ಸು ಬದಲಿಸುತ್ತಾನೆ. ಪೌಲನ ಮನಸ್ಸಿನಲ್ಲಿ ಅದೇ ಚಿತ್ರ ಇತ್ತೇ ಎಂಬುದೇ ವಾದದ ವಸ್ತು.

ಉಳಿದ ಸಮಯದಲ್ಲಿ ಯೋಹಾನ 6:44ನ್ನು 12:32ರ ಪಕ್ಕ ಇಟ್ಟು ನೋಡಿ. ತಂದೆ ಸೆಳೆಯದ ಹೊರತು ಯಾರೂ ಬರಲಾರರು ಎಂಬುದು ಒಂದು, ನಾನು ಎಲ್ಲರನ್ನೂ ಸೆಳೆದುಕೊಳ್ಳುವೆನು ಎಂಬುದು ಇನ್ನೊಂದು. ಹಾಗೆಯೇ ಯೋಹಾನ 10:28-29ರ ಪಕ್ಕ ಇಬ್ರಿಯ 6:4-6. ಪ್ರತಿ ಜೋಡಿಯಲ್ಲೂ ಪ್ರತಿಯೊಬ್ಬರೂ ತಮಗೆ ಕಷ್ಟವಾದ ವಾಕ್ಯವನ್ನೇ ವಿವರಿಸಬೇಕು, ಸುಲಭದ್ದನ್ನು ಎದುರಿನವರಿಗೆ ಬಿಡಬೇಕು. ಈ ಒಂದು ನಿಯಮ ವಾಕ್ಯ ಎಸೆದಾಟವನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ.

ಯಾರಾದರೂ ಹೆದರಿದರೆ

"ನನ್ನನ್ನು ದೇವರು ಆರಿಸಿಲ್ಲದಿದ್ದರೆ?" ಎಂದು ಯಾರಾದರೂ ನಿಜವಾದ ಕಳವಳದಿಂದ ಕೇಳಿದರೆ ಚರ್ಚೆಯನ್ನು ಅಲ್ಲಿಯೇ ನಿಲ್ಲಿಸಿ, ಆಮೇಲೆ ಅವರೊಬ್ಬರ ಜೊತೆ ಕುಳಿತು ಮಾತನಾಡಿ. ಗುಂಪಿನ ಎದುರು ತರ್ಕದಿಂದ ಸಮಾಧಾನ ಮಾಡಲು ಹೋದರೆ ಕಳವಳ ಹೆಚ್ಚುತ್ತದೆ, ಏಕೆಂದರೆ ಅವರು ಕೇಳುತ್ತಿರುವುದು ಸಿದ್ಧಾಂತವನ್ನಲ್ಲ. ಪ್ರತಿ ಪರಂಪರೆಯಲ್ಲೂ ಇದಕ್ಕೆ ಬೇರೆಯೇ ದಾರಿ ಇದೆ. ಆಯ್ಕೆಯನ್ನು ನೋಡಿಕೊಳ್ಳುವ ಕನ್ನಡಿ ಕ್ರಿಸ್ತನೇ, ದೇವರ ಗುಟ್ಟಿನೊಳಗೆ ಇಣುಕಬೇಡ ಎಂದ ಕ್ಯಾಲ್ವಿನ್. ಲೂಥರನ್ ಪಾಲಕರು ದೀಕ್ಷಾಸ್ನಾನವನ್ನೂ ವಾಗ್ದಾನವನ್ನೂ ನೆನಪಿಸುತ್ತಾರೆ. ಕ್ಯಾಥೊಲಿಕ್ ಗುರುಗಳು ಸಂಸ್ಕಾರಗಳ ಕಡೆ ಕರೆಯುತ್ತಾರೆ. ವೆಸ್ಲಿಯ ಜನ ರೋಮಾ 8:16ರ ಆತ್ಮನ ಸಾಕ್ಷಿಯನ್ನು ತೋರಿಸುತ್ತಾರೆ. ಡಾರ್ಟ್‌ನ ಮೊದಲ ಭಾಗದ 16ನೇ ಲೇಖನವೇ, ಇನ್ನೂ ಖಾತ್ರಿ ಸಿಗದೆ ಆದರೂ ಕೃಪೆಯ ಸಾಧನಗಳನ್ನು ಬಳಸುತ್ತಿರುವವರು ತಿರಸ್ಕಾರದ ಮಾತು (ದೇವರು ಕೆಲವರನ್ನು ಆರಿಸದೆ ಬಿಟ್ಟಿದ್ದಾನೆ ಎಂಬುದು) ಕೇಳಿ ಬೆದರಬಾರದು ಎನ್ನುತ್ತದೆ. ಮಗುವನ್ನು ಕಳೆದುಕೊಂಡ ತಂದೆತಾಯಿ ಗುಂಪಿನಲ್ಲಿದ್ದರೆ ಮೊದಲೇ ತಿಳಿದಿರಿ. ಎಳವೆಯಲ್ಲೇ ತೀರಿಕೊಂಡ ವಿಶ್ವಾಸಿಗಳ ಶಿಶುಗಳ ಆಯ್ಕೆ, ರಕ್ಷಣೆಯ ಬಗ್ಗೆ ಮುಂದಿನ ಲೇಖನ, 17ನೆಯದು, ಸಂಶಯಪಡಬೇಡಿ ಎನ್ನುತ್ತದೆ ಎಂಬುದು ನಡೆಸುವವರಿಗೆ ಗೊತ್ತಿರಬೇಕು.

ಐದನೇ ಕೂಟ: ಎದುರಾಳಿ ಸಹಿ ಹಾಕುವಂಥ ಪುಟ

ಪ್ರತಿಯೊಬ್ಬರೂ ತಾವು ಒಪ್ಪದ ಒಂದು ನಿಲುವನ್ನು ಒಂದೇ ಪುಟದಲ್ಲಿ ಬರೆದು ತರಲಿ. ಅದರಲ್ಲಿ ಆ ಸಭೆಯ ದಾಖಲೆಯಿಂದ ಎರಡು ಮಾತು, ಆ ನಿಲುವಿನವರು ಆಧರಿಸುವ ಮೂರು ವಾಕ್ಯಭಾಗ, ಜೊತೆಗೆ ಆ ನಿಲುವಿನವರೇ ಒಪ್ಪಿಕೊಳ್ಳುವ ಒಂದು ಕಷ್ಟ ಇರಬೇಕು. "ಕ್ಯಾಲ್ವಿನಿಸ್ಟರಿಗೆ ದೇವರು ಪ್ರೀತಿಯಲ್ಲ", "ಆರ್ಮಿನಿಯನ್ನರು ತಮ್ಮನ್ನು ತಾವೇ ರಕ್ಷಿಸಿಕೊಳ್ಳುತ್ತಾರೆ", "ಕ್ಯಾಥೊಲಿಕರದು ಬರೀ ಕ್ರಿಯೆ" ಎಂಬ ಧಾಟಿಯ ಯಾವ ಸಾಲು ಬಂದರೂ ಪುಟ ವಾಪಸ್. ಕೊನೆಯದರ ಬಗ್ಗೆ ವಾದ ಬಂದರೆ, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕ್ಯಾಥೊಲಿಕ್ ಸಭೆಯೂ ನೀತೀಕರಣದ ಜಂಟಿ ಘೋಷಣೆಗೆ ಸಹಿ ಹಾಕಿದ್ದನ್ನು, 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಅದಕ್ಕೆ ಸೇರಿಕೊಂಡದ್ದನ್ನು ತಿಳಿಸಿ. ಎಲ್ಲ ಭೇದವೂ ಅಳಿಸಿತು ಎಂದು ಮಾತ್ರ ಹೇಳಬೇಡಿ. ಆ ಘೋಷಣೆಯೇ ಹಾಗೆ ಹೇಳುವುದಿಲ್ಲ.

ಪುಟವನ್ನು ಗಟ್ಟಿಯಾಗಿ ಓದಿದ ಮೇಲೆ ಆ ನಿಲುವಿನವರು ಗುಂಪಿನಲ್ಲಿದ್ದರೆ ಅವರು ಮೊದಲು ಮಾತನಾಡಲಿ: ಎಲ್ಲಿ ಸರಿ, ಎಲ್ಲಿ ತಿದ್ದಬೇಕು. ಬರೆದವರಿಗೆ ಪ್ರತ್ಯುತ್ತರದ ಅವಕಾಶ ಇಲ್ಲ, ತಿದ್ದುವ ಅವಕಾಶ ಮಾತ್ರ. ಒಬ್ಬೊಬ್ಬರಿಗೆ ಎಂಟು ನಿಮಿಷ ಕೊಟ್ಟರೆ ಹತ್ತು ಜನಕ್ಕೆ 80 ನಿಮಿಷ ಆಗುತ್ತದೆ, ಉಳಿದ ಹತ್ತು ನಿಮಿಷ ಎರಡನೇ ಕೂಟದ ಹಾಳೆಯ ಚೌಕಗಳನ್ನು ತಿದ್ದಲು.